ಆಷಾಢಕ್ಕೊಂದು ತವರು

೧೯೪೦ನೆಯ ಇಸವಿ ಜುಲೈ ನಾಲ್ಕು, ಗುರುವಾರ, ಬೆಳಿಗ್ಗೆ ಎಂಟು ಗಂಟೆ. ಆಲ್ದೂರಿನ ಗಿರಿಜಾಂಬಾ ಸೊಸೆಯ ಟ್ರಂಕಿಗೆ ಸೀರೆ ಮಡಿಸಿಡುತ್ತಿದ್ದರು. ಶನಿವಾರ ಆಷಾಢ ಹುಟ್ಟುತ್ತದೆ. ಮನೆ ತುಂಬಿದ ಮೊದಲ ವರ್ಷ ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಸೊಸೆ ತವರಿಗೆ ಹೋಗಬೇಕು.

ಆದರೆ ಈ ಸೊಸೆ ಸುಮಿಯಾತಿಯ ತವರು ಸಮುದ್ರದಾಚೆಯ ಜಾವಾ ದ್ವೀಪ. ಮಗ ಷಡಕ್ಷರಿ ಅಲ್ಲಿ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರಾಗಿದ್ದಾಗ ಅವಳನ್ನು ಮದುವೆಯಾಗಿದ್ದ. ತಾನು ಊರಿಗೆ ಮರಳಿ ವರ್ಷವಾದ ಮೇಲೆ, ಈ ಏಪ್ರಿಲಿನಲ್ಲಷ್ಟೇ ಅವಳನ್ನು ಕರೆಸಿಕೊಂಡಿದ್ದ.

ಹಡಗು ಹತ್ತಿಸಿ, ಶ್ರಾವಣಕ್ಕೆ ಕರೆಸಿಕೊಂಡರಾಯಿತೆಂದು ನೆರೆಯವರು ಹೇಳಿದ್ದರು. ಗಿರಿಜಾಂಬಾ ಅದಕ್ಕಿಂತ ಸುಲಭದ ದಾರಿ ಹುಡುಕಿದ್ದರು. ರಸ್ತೆಯ ಕೆಳಗಿನ ತಿರುವಿನಲ್ಲಿರುವ ಗೆಳತಿ ಅಂಜನಮ್ಮನ ಮನೆಯೇ ಈ ಹುಡುಗಿಗೆ ತವರು. ಅಂಜನಮ್ಮ ಸಂತೋಷದಿಂದ ಒಪ್ಪಿ ಕೋಣೆಯನ್ನೂ ಸಾರಿಸಿಟ್ಟಿದ್ದಳು.

ಅಷ್ಟರಲ್ಲಿ ಚಿಕ್ಕಮಗಳೂರಿನಲ್ಲಿ ವಕೀಲರಾಗಿದ್ದ ತಮ್ಮ ಶಾಂತವೀರಪ್ಪ ಬಂದರು. ಟ್ರಂಕು ನೋಡಿ ಸಂಗತಿ ಕೇಳಿದರು.

"ಠಾಣೆಗೆ ತಿಳಿಸಿದ್ದೀಯಾ, ಅಕ್ಕ?"

"ಸೊಸೆ ತವರಿಗೆ ಹೋಗೋದಕ್ಕೆ ಠಾಣೆಗೇನು ಹೇಳೋದು ಮಾರಾಯ? ನಿನ್ನ ಹೆಂಡತಿ ಹೋದಾಗ ಯಾವ ದಫೇದಾರನಿಗೆ ಹೇಳಿದ್ದೆ?"

"ಅವಳ ತವರು ತರೀಕೆರೆ. ಅವಳು ವಾಪಸು ಬರೋದನ್ನ ಯಾವ ಸರ್ಕಾರಕ್ಕೂ ತಡೆಯೋಕಾಗಲ್ಲ."

ಗಿರಿಜಾಂಬಾ ನಗಲಿಲ್ಲ. ಹೋದ ವರ್ಷವೂ ಇವನು ಹೀಗೆಯೇ ಅಡ್ಡ ಬಂದಿದ್ದ. ಘಟ್ಟದ ಕೆಳಗಿನಿಂದ ಮೇಸ್ತ್ರಿ ಆಳುಗಳನ್ನು ಕರೆತರುವಂತೆ, ಯಾರಾದರೂ ಬಿಳಿ ದೊರೆಯ ಮನೆಯ ಆಯಾ ಎಂದು ಹೇಳಿ ಹುಡುಗಿಯನ್ನು ತರಿಸೋಣ ಎಂದು ಗಿರಿಜಾಂಬಾ ಸೂಚಿಸಿದ್ದರು. ನೋಡಿ ಹೋಗಲು ಬಂದವಳೆಂದು ವೀಸಾ ತೆಗೆದು ಸುಮ್ಮನೆ ಉಳಿಸಿಕೊಳ್ಳುವ ಮಾತೂ ಬಂದಿತ್ತು. ಎರಡಕ್ಕೂ ಶಾಂತವೀರಪ್ಪ ಒಪ್ಪಿರಲಿಲ್ಲ. ಬಾಗಿಲಲ್ಲಿ ಏನೆಂದು ಹೇಳಿ ಒಳಗೆ ಬರುತ್ತೇವೋ ಹಾಗೆಯೇ ಒಳಗೆ ಬಾಳಬೇಕಾಗುತ್ತದೆ. ಹೆಂಡತಿಯಾಗಿ ಬಾಳುವವಳು ಹೆಂಡತಿಯೆಂದೇ ಬರಲಿ ಎಂದಿದ್ದರು. ಮದುವೆ ನೋಂದಣಿಯ ನಕಲು, ಸಾಕುವ ಹೊಣೆ ತನ್ನದೆಂಬ ಷಡಕ್ಷರಿಯ ಬರಹ, ಅವಳದೇ ಪಾಸ್‌ಪೋರ್ಟಿನ ಮೇಲೆ ವೀಸಾ ಮುದ್ರೆ, ಇಷ್ಟೂ ಕೂಡಿಬರಲು ತಡವಾಯಿತು. ಆದರೆ ಹುಡುಗಿ ತಲೆಯೆತ್ತಿ ಹಡಗಿನಿಂದ ಇಳಿದಳು.

"ಈಗ ಯುದ್ಧಕಾಲ," ಎಂದರು ಶಾಂತವೀರಪ್ಪ. "ಹೊರದೇಶದವರು ಎಲ್ಲಿದ್ದಾರೆ ಅಂತ ಸರ್ಕಾರ ಲೆಕ್ಕ ಇಡ್ತದೆ. ಇವಳು ಈ ಮನೇಲಿ ಇರ್ತಾಳೆ ಅಂತ ನಾವೇ ಬರೆದುಕೊಟ್ಟಿದ್ದೀವಿ. ನಾಳೆ ಪೇದೆ ಬಂದಾಗ ಇಲ್ಲಿ ಕಾಣದಿದ್ರೆ, ತಲೆ ತಪ್ಪಿಸಿಕೊಂಡ್ಳು ಅಂತ ಬರೀತಾನೆ. ಆಷಾಢದ ಶಾಸ್ತ್ರ ಅವನ ಕಾಯ್ದೇಲಿಲ್ಲ, ಅಕ್ಕ."

ಹಡಗು ಹತ್ತಿಸಿದರಂತೂ ಈಗಿನ ಅನುಮತಿ ಅಲ್ಲಿಗೇ ಮುಗಿಯಬಹುದು, ಮತ್ತೆ ಮೊದಲಿನಿಂದ ಕೇಳಬೇಕಾದೀತು ಎಂದೂ ತಿಳಿಸಿದರು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮಿಯಾತಿ ಟ್ರಂಕನ್ನೇ ನೋಡುತ್ತಿದ್ದಳು. ಕಲಿತಷ್ಟು ಕನ್ನಡದಲ್ಲಿ ನಿಧಾನವಾಗಿ ಕೇಳಿದಳು: "ಅತ್ತೆ, ನಾನು ಹೋದರೆ, ನೀವು ಮತ್ತೆ ಕರೀತೀರಾ?"

ಗಿರಿಜಾಂಬಾ ಮಡಿಸುತ್ತಿದ್ದ ಸೀರೆಯನ್ನು ಕೆಳಗಿಟ್ಟರು. ಶಾಸ್ತ್ರಕ್ಕೆ ಕಳಿಸುತ್ತಿದ್ದೇವೆಂದು ಇಡೀ ಊರಿಗೆ ಹೇಳಿದ್ದರು. ಹೋಗಬೇಕಾದವಳಿಗೇ ಬಿಡಿಸಿ ಹೇಳಿರಲಿಲ್ಲ. ಅವಳ ಕೈ ಹಿಡಿದು, ಇದು ಸೊಸೆಯರೆಲ್ಲ ಹೋಗಿಬರುವ ತಿಂಗಳೆಂದೂ ಶ್ರಾವಣಕ್ಕೆ ತಾವೇ ಬಂದು ಕರೆತರುವುದಾಗಿಯೂ ಹೇಳಿದರು. ಆಮೇಲೆ ತಮ್ಮನ ಕಡೆ ತಿರುಗಿದರು.

"ಏಳು. ಮೊದಲು ಠಾಣೆ, ಆಮೇಲೆ ತವರು."

ಠಾಣೆಯಲ್ಲಿ ದಫೇದಾರ ಹೊಸ ವಿಳಾಸ ಬರೆದುಕೊಂಡ. ಯಾರ ಮನೆಯೆಂದು ಕೇಳಿದಾಗ ಗಿರಿಜಾಂಬಾ, "ಅವಳ ತಾಯಿಮನೆ," ಎಂದರು. ಶಾಂತವೀರಪ್ಪ ಅಂಜನಮ್ಮನ ಹೆಸರನ್ನೂ ಸರಿಯಾಗಿ ಬರೆಸಿದರು.

ಓದುವವರೇ, ನಿಮ್ಮ ಮನೆಗೂ ಹೊರದೇಶದ ಸೊಸೆಯೋ ಅಳಿಯನೋ ಬರುವುದಾದರೆ, ಯಾವ ಬಗೆಯ ಅನುಮತಿ ಬೇಕೆಂದು ತಿಳಿದವರನ್ನು ಮೊದಲೇ ಕೇಳಿ. ಬರುವ ಕಾರಣವನ್ನು ನಿಜವಾಗಿ ಹೇಳಿ. ಬಂದ ಮೇಲೆ ವಾಸ ಬದಲಾದರೆ, ಹೊರದೇಶಕ್ಕೆ ಹೋಗಿಬರುವುದಾದರೆ, ಹೊರಡುವ ಮೊದಲೇ ವಿಚಾರಿಸಿ, ತಿಳಿಸಿ. ಹತ್ತಿರವೇ ತಾನೆ ಎಂದು ಸುಮ್ಮನಿರಬೇಡಿ. ಸುಮಿಯಾತಿಯ ತವರು ಗಂಡನ ಮನೆಯಿಂದ ಒಂದು ಮೈಲಿ ಮೂರು ಫರ್ಲಾಂಗು.