ಹುಲ್ಲು ನೋಡುವ ಕೈ

ಬೇಸಿಗೆಯ ಕೊನೆಯ ವಾರ, ಬೆಳಿಗ್ಗೆ ಹತ್ತರ ಹೊತ್ತು. ಇಬ್ಬನಿ ಆಗಷ್ಟೇ ಆರಿತ್ತು. ಹುಲ್ಲು ಕಟ್ಟುವ ಹೊಸ ಮಿಷನ್ನು ನಮ್ಮ ಬಯಲಿಗೆ ಬಂದದ್ದು ಆಗ.

ತರಿಸಿದವಳು ನನ್ನ ಮಗಳು. ನಮ್ಮ ಹಳೆಯದು ಹತ್ತು ಪೆಂಡಿ ಕಟ್ಟಿದರೆ ಎರಡಕ್ಕೆ ಗಂಟು ಬೀಳುತ್ತಿರಲಿಲ್ಲ. ಹೊಸದು ಆಳೆತ್ತರದ ಸುರುಳಿ ಸುತ್ತಿ, ಮೇಲೆ ಬಲೆ ಹೊದಿಸಿ, ಒಳಗೆಷ್ಟು ಹಸಿ ಇದೆಯೆಂದು ಟ್ರ್ಯಾಕ್ಟರಿನ ಮುಂದಿನ ಪುಟ್ಟ ಪರದೆಯಲ್ಲಿ ತೋರಿಸುತ್ತದೆ. ಒಂದು ದಿನ ಓಡಿಸಿ ನೋಡಿ, ಹಿಡಿಸಿದರೆ ಕೊಳ್ಳಿ ಎಂದಿದ್ದರು ಮಾರುವವರು. ಹೂಂ ಅನ್ನಬೇಕಾದವನು, ಬೇಡ ಅನ್ನಬೇಕಾದವನು ನಾನು.

ಕಷ್ಟವಾದದ್ದು ಅಕ್ಕನ ವಿಷಯ. ಗಂಡ ಸತ್ತ ಮೇಲೆ ನಮ್ಮಲ್ಲಿಗೆ ಬಂದವಳು ಮೂವತ್ತೊಂದು ವರ್ಷದಿಂದ ಹುಲ್ಲು ನೋಡುತ್ತಿದ್ದಳು. ಕೊಯ್ದು ಹರಡಿದ ಸಾಲಿನ ಅಡಿಗೆ ಕೈ ತೂರಿಸಿ, ಒಂದು ಹಿಡಿ ಎಳೆದು ಹಿಂಡಿ, "ಕಟ್ರೋ" ಅನ್ನುವಳು, ಇಲ್ಲವೇ "ನಾಳೆ" ಅನ್ನುವಳು. ಹಸಿ ಹುಲ್ಲು ಕಟ್ಟಿ ಒಟ್ಟಿದರೆ ಒಳಗೊಳಗೇ ಕಾದು ಕೊಟ್ಟಿಗೆಯನ್ನೇ ಸುಡುತ್ತದೆ. ನೆರೆಯವರ ಎರಡು ಕೊಟ್ಟಿಗೆ ಹಾಗೆ ಹೋದವು. ನಮ್ಮದು ಒಮ್ಮೆಯೂ ಬೆಚ್ಚಗಾಗಿರಲಿಲ್ಲ. ತಮ್ಮನ ಮನೆಯ ತುತ್ತನ್ನು ಅವಳು ತಲೆಯೆತ್ತಿ ತಿಂದದ್ದು ಆ ಕೈಯ ಬಲದಿಂದ.

ಅಂದು ಅಕ್ಕ ಸಾಲಿಗೆ ಕೈ ಹಾಕಿದಳು. "ಕಟ್ರೋ."

ಒಂದು ಸುರುಳಿ ಸುತ್ತುವಷ್ಟರಲ್ಲಿ ಪರದೆ ಕೆಂಪಾಯಿತು. "ಇನ್ನೂ ಹಸಿ ಇದೆ ಅಜ್ಜೀ," ಎಂದ ಮಿಷನ್ನಿನವನು.

"ನಿನ್ನ ಡಬ್ಬಿಗೆ ಹಾಲುಹಲ್ಲಾದ್ರೂ ಬಿದ್ದಿದ್ಯೇನಪ್ಪಾ?"

ನೋಡಲು ಬಂದಿದ್ದ ನೆರೆಯವರೆಲ್ಲ ನಕ್ಕರು. ಮಗಳು ನಗಲಿಲ್ಲ. "ಅಪ್ಪಾ, ನೀನೇ ಒಂದ್ಸಲ ಮುಟ್ಟಿ ನೋಡು."

ನಾನು ಮುಟ್ಟಲಿಲ್ಲ. ಅಷ್ಟು ಜನರೆದುರು ಅಕ್ಕನ ಮಾತನ್ನು ಪರೀಕ್ಷೆ ಮಾಡುವುದೇ? "ಇದು ನಮಗೆ ಬೇಡ. ಹಳೇದನ್ನೇ ತನ್ನಿ," ಎಂದೆ. ಸಂಜೆಯೊಳಗೆ ಕಟ್ಟಿ ಕೊಟ್ಟಿಗೆಯಲ್ಲಿ ಒಟ್ಟಿದೆವು.

ನಾಲ್ಕನೆಯ ದಿನ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಹೊಗೆಸೊಪ್ಪಿನಂಥ ವಾಸನೆ. ಪೆಂಡಿಗಳ ಸಂದಿಗೆ ಕೈ ಹಾಕಿದವನೇ ಎಳೆದುಕೊಂಡೆ. ಕೆಂಡದ ಹಾಗಿತ್ತು.

"ಅತ್ಲಾಗೆ ಸರಿ, ನಿಂಗೇನು ಗೊತ್ತಾಗತ್ತೆ," ಎಂದು ಅಕ್ಕ ಮೊಣಕೈವರೆಗೆ ತೂರಿಸಿದಳು. ತೂರಿಸಿ ಹಾಗೇ ನಿಂತಳು. "ಏನಿಲ್ಲ ಕಣೋ. ತಣ್ಣಗಿದೆ."

ಮಗಳು ತೋಳು ಹಿಡಿದು ಎಳೆದಳು. ಬೆರಳಿಂದ ಮಣಿಕಟ್ಟಿನವರೆಗೆ ಚರ್ಮ ಬೆಂದು ಕೆಂಪಾಗಿತ್ತು. ಅಕ್ಕ ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದಳು.

"ಯಾವಾಗಿಂದ ಹೀಗೆ?" ಎಂದೆ.

"ಚಳಿಗಾಲದಿಂದ. ಮೊದ್ಲು ಬೆರಳ ತುದಿ. ಸರಿಹೋಗತ್ತೆ ಅಂದ್ಕೊಂಡೆ. ಕಣ್ಣಂದಾಜಲ್ಲೇ ಹೇಳ್ತಿದ್ದೆ ಕಣೋ," ಎಂದಳು.

ಕತ್ತಲಾಗುವವರೆಗೆ ಪೆಂಡಿಗಳನ್ನು ಹೊರಗೆಸೆದೆವು. ಅವಳೂ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಎಸೆದಳು, ಬೇಡವೆಂದರೆ ಕೇಳಲಿಲ್ಲ. ಹನ್ನೊಂದು ಪೆಂಡಿಗಳ ಒಡಲು ಕಪ್ಪಗಾಗಿತ್ತು. ಸುಟ್ಟದ್ದು ಮಾಯುತ್ತದೆ, ಸತ್ತ ಸ್ಪರ್ಶ ಬರುವುದಿಲ್ಲ ಎಂದರು ಡಾಕ್ಟರು.

"ಮಿಷನ್ನು ತಗೋ," ಎಂದಳು ಅಕ್ಕ, ಆಸ್ಪತ್ರೆಯಿಂದ ಬರುವಾಗ.

"ತಗೋತೀನಿ. ನೀನೂ ಇರ್ತೀಯಲ್ಲ."

"ಇದ್ದು? ದಿನಾ ಬೆಳಿಗ್ಗೆ ನೀನು 'ಅಕ್ಕಾ, ಒಣಗಿದ್ಯಾ' ಅಂತ ಕೇಳ್ತೀಯ. ನಾನು ಹೂಂ ಅಂತೀನಿ. ಆಮೇಲೆ ಹೋಗಿ ಡಬ್ಬಿ ನೋಡ್ತೀಯ."

ಬಯಲಲ್ಲಿ ಅಂದು ನಾನೊಂದು ಹಿಡಿ ಮುಟ್ಟಿದ್ದರೆ ಅವಳಿಗೆ ಒಂದು ಗಳಿಗೆ ನಾಚಿಕೆಯಾಗುತ್ತಿತ್ತು, ನನ್ನ ಮೇಲೆ ವಾರ ಮುನಿಯುತ್ತಿದ್ದಳು, ಅಷ್ಟೆ.

ಮಗಳು ಹೋಗಿ ಮಿಷನ್ನು ಗೊತ್ತುಮಾಡಿ ಬಂದಳು. ಶುಕ್ರವಾರ ತರುತ್ತೇವೆಂದರು. ಅಕ್ಕ ನಮ್ಮ ಕಿರಿಯ ತಂಗಿಯ ಮನೆಗೆ ಹೋಗುತ್ತೇನೆಂದು ಬಟ್ಟೆ ಕಟ್ಟಿದಳು. ಸ್ವೆಟರಿನ ಗುಂಡಿ ಹಾಕಲಾಗದೆ ಬಾಗಿಲಲ್ಲಿ ನಿಂತಿದ್ದಳು; ಮಗಳು ಮಂಡಿಯೂರಿ ಒಂದೊಂದಾಗಿ ಹಾಕಿದಳು. ಅಳುತ್ತಿದ್ದದ್ದು ಮಗಳು. ಅಕ್ಕ ಹೊರಟದ್ದು ಗುರುವಾರ.