ಎಂಟು ತಿಂಗಳ ನೀರು

ನಾದಿನಿ ಎಂಟನೆಯ ಬಾಟಲಿಯನ್ನೂ ಸಿಂಕಿಗೆ ಬಗ್ಗಿಸಿ, ಸೋಪು ಹಾಕಿ ತೊಳೆಯುತ್ತಿದ್ದಾಗ ಅವಳು ಅಡುಗೆಮನೆ ಬಾಗಿಲಿಗೆ ಬಂದಳು. ಹಜಾರದಲ್ಲಿ ಗಂಡನ ಶವವಿತ್ತು. ಬಂದವರಿಗೆ ತಣ್ಣೀರು ಕೊಡಬೇಕಿತ್ತು.

"ಅಯ್ಯೋ, ಏನ್ ಮಾಡ್ಬಿಟ್ಟೆ?"

"ಫ್ರಿಜ್ಜಲ್ಲಿ ಜಾಗ ಇರ್ಲಿಲ್ಲ ಅತ್ತಿಗೆ. ಈ ಹೊಲಸು ನೀರು ಚೆಲ್ಲಿದ್ರೆ ಸಾಕಪ್ಪ ಅಂತ ನೀವೇ ಅಂತಿದ್ರಲ್ಲ."

ಅಂದದ್ದು ನಿಜ. ಒಂದು ಸಲವಲ್ಲ, ತಿಂಗಳು ತಿಂಗಳೂ ಅಂದಿದ್ದಳು. ಈಗ ತನ್ನ ನಾಲಿಗೆಯನ್ನೇ ಕಿತ್ತುಹಾಕಬೇಕೆನಿಸಿತು.

*

ಅವಳ ಗಂಡ ನೀರಿನ ಪರೀಕ್ಷಕ. ಔಷಧ ಕಾರ್ಖಾನೆಯ ಪೈಪಿನಿಂದ ಮದ್ದು ಕಾಲುವೆಗೆ ಬೀಳುತ್ತಿದೆ, ರೋಗಾಣುಗಳು ಅದರಲ್ಲೇ ಈಜಾಡಿ ಯಾವ ಮದ್ದಿಗೂ ಸಾಯದಂತೆ ಪಳಗುತ್ತಿವೆ ಎಂದು ಕಚೇರಿಯಲ್ಲಿ ಬಾಯಿ ಬಡಿದುಕೊಂಡ. ಸಾಹೇಬರು ವರದಿಯ ನಮೂನೆ ತೋರಿಸಿದರು. ಬಣ್ಣಕ್ಕೆ ಕಾಲಂ ಇತ್ತು, ವಾಸನೆಗಿತ್ತು, ಉಪ್ಪಿಗಿತ್ತು. ಮದ್ದಿಗೆ ಕಾಲಂ ಇಲ್ಲವೆಂದ ಮೇಲೆ ಮದ್ದೂ ಇಲ್ಲ.

ಅವನು ಕಾಲುವೆ ನೀರನ್ನು ತಿಂಗಳಿಗೊಂದು ಬಾಟಲಿ ತುಂಬಿ ಮನೆಗೆ ತಂದ.

"ಹಾಲಿನ ಪಕ್ಕ ಇಡ್ತೀರಲ್ಲ, ನಿಮಗೇನು ಬುದ್ಧಿಗಿದ್ದಿ ಇದೆಯಾ?"

"ಕಾಲೇಜ್ ಲ್ಯಾಬಿನವರು ಬಂದು ತಗೊಂಡ್ಹೋಗ್ತಾರೆ. ಅಲ್ಲೀತನಕ ಸಹಿಸ್ಕೊಳ್ಳೇ."

ಹೋದ ತಿಂಗಳು ಕಾಲುವೆಯಲ್ಲಿ ಜಾರಿ ಮೊಣಕಾಲು ತರಚಿತು. ಆಸ್ಪತ್ರೆಯಲ್ಲಿ ಕೊಟ್ಟ ಒಂದು ಮದ್ದಿಗೂ ಆ ಗಾಯ ಜಗ್ಗಲಿಲ್ಲ. ನಂಜು ಮೈಗೇರಿತು. ಲ್ಯಾಬಿನವರು ಬರುವುದು ಸೋಮವಾರ. ಅವನಿಗೆ ಗುರುವಾರ ದಾಟಲಾಗಲಿಲ್ಲ.

*

"ಇಂಥ ನಿಯತ್ತಿನ ಮನುಷ್ಯ ಇನ್ನೊಬ್ರು ಸಿಗಲ್ಲಮ್ಮ," ಎಂದರು ಸಾಹೇಬರು, ಶವದ ವ್ಯಾನಿನ ಪಕ್ಕ ನಿಂತು.

"ಅವರು ಹೇಳಿದ್ದನ್ನ ಒಂದು ಸಲನಾದ್ರೂ ಬರ್ಕೊಂಡ್ರಾ?"

"ಇವತ್ತು ಆ ಮಾತೆಲ್ಲ ಯಾಕಮ್ಮ."

ಅವಳು ಒಳಗೆ ಹೋಗಿ ಒಂದು ಖಾಲಿ ಬಾಟಲಿಯನ್ನೂ, ಗಂಡ ಬಾಟಲಿಗಳಿಗೆ ಅಂಟಿಸುತ್ತಿದ್ದಂಥ ಒಂದು ಚೀಟಿಯನ್ನೂ, ಪೆನ್ನನ್ನೂ ಎತ್ತಿಕೊಂಡು ಬಂದು ವ್ಯಾನು ಹತ್ತಿದಳು.

ಕಾಲುವೆಯ ಸೇತುವೆ ಬಂದಾಗ, "ಇಲ್ಲಿ ನಿಲ್ಲಿಸಪ್ಪ," ಎಂದಳು. ಡ್ರೈವರ್ ಗಕ್ಕನೆ ನಿಲ್ಲಿಸಿದ. ಹಿಂದಿನ ವಾಹನಗಳೂ ಒಂದೊಂದಾಗಿ ನಿಂತವು. ಅವಳು ಸೀರೆ ಎತ್ತಿ ಕಟ್ಟಿ, ಕಲ್ಲು ಹಿಡಿದು ಇಳಿಯತೊಡಗಿದಳು.

"ಅತ್ತಿಗೆ, ಇದೇನಿದು? ಅಣ್ಣ ಕಾಯ್ತಿದಾನೆ," ಎಂದು ನಾದಿನಿ ಮೇಲಿನಿಂದ ಅತ್ತಳು.

"ಕಾಯ್ಲಿ ಬಿಡು. ಅವರದೇ ಕೆಲಸ."

ಪೈಪಿನ ಬಾಯಲ್ಲಿ ನೊರೆ ಉಕ್ಕುತ್ತಿತ್ತು. ಅವಳು ಬಾಟಲಿ ತುಂಬಿ, ಮುಚ್ಚಳ ಬಿಗಿದು, ಸೆರಗಿನಿಂದ ಒರೆಸಿದಳು. ಚೀಟಿಯ ಮೇಲೆ ಅಂದಿನ ತಾರೀಖು ಬರೆದಳು. ನೀರು ತೆಗೆದವರ ಹೆಸರಿನ ಜಾಗದಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ತನ್ನ ಹೆಸರು ಬರೆದಳು.

ಮೇಲೆ ಸಾಹೇಬರ ಕಾರು ಹಾರ್ನ್ ಹೊಡೆಯುತ್ತಲೇ ಇತ್ತು.