ಎರಡು ಎಲಡಿಕೆಯ ದಾರಿ

ಪಾಂಡವಪುರದ ದೇವರಾಜು ಮೇಷ್ಟ್ರಿಗೆ ತಪ್ಪು ದೂರ ಬರೆಯುವವರನ್ನು ಕಂಡರೆ ಆಗುತ್ತಿರಲಿಲ್ಲ. ನಕ್ಷೆಗಳಲ್ಲಿ, ಪ್ರವಾಸದ ಪುಸ್ತಕಗಳಲ್ಲಿ ಐದು ಕಿಲೋಮೀಟರನ್ನು ಮೂರೆಂದು ಹಾಕುವವರನ್ನು ಕಾಲು ಸವೆಸದ ಸೋಮಾರಿಗಳು ಎಂದು ಬೈಯುತ್ತಿದ್ದರು. ಭೂಗೋಳ ಕಲಿಸಿ ನಿವೃತ್ತರಾದ ಮೇಲೆ ಸುತ್ತಲಿನ ಹನ್ನೆರಡು ಕಾಲುದಾರಿಗಳ ಕೈಪಿಡಿಯನ್ನು ತಾವೇ ಬರೆಯಲು ಕೂತರು. ಸೈಕಲ್ಲಿನ ಚಕ್ರವನ್ನು ಕೋಲಿಗೆ ಸಿಕ್ಕಿಸಿ, ಉರುಳಿಸಿ, ಸುತ್ತು ಎಣಿಸಿ ಹನ್ನೊಂದು ದಾರಿ ಅಳೆದರು. ಹನ್ನೆರಡನೆಯದು ಮೇಲುಕೋಟೆ ಬೆಟ್ಟದ ಹಿಂಬದಿಯದು. ಅಷ್ಟು ಹೊತ್ತಿಗೆ ಮಂಡಿ ಊದಿಕೊಂಡಿತು, ಅಚ್ಚಿನವನು ದಿನಾ ಫೋನು ಮಾಡತೊಡಗಿದ.

ದಾರಿ ಎಷ್ಟು ದೂರ ಎಂದು ಆ ಬೆಟ್ಟದಲ್ಲಿ ಮೇಕೆ ಮೇಯಿಸುವ ದ್ಯಾವಯ್ಯನನ್ನೇ ಕೇಳಿದರು. "ಎಲ್ಡು ಎಲಡಿಕೆ ದಾರಿ ಬುಡಿ ಮೇಷ್ಟ್ರೇ" ಅಂದ. ಎಲೆ ಅಡಿಕೆ ಬಾಯಿಗೆ ಹಾಕಿ, ಉಗಿಯುವವರೆಗೆ ನಡೆದರೆ ಅದು ಒಂದು. ಮೇಷ್ಟ್ರು ಮಂಡಿಗೆ ಪಟ್ಟಿ ಸುತ್ತಿಕೊಂಡು, ಎಲಡಿಕೆ ಜಗಿಯುತ್ತಾ, ನಾಲೆ ಏರಿಯ ಮೇಲೆ ಚಕ್ರ ಉರುಳಿಸಿದರು. ಉಗಿಯುವ ಹೊತ್ತಿಗೆ ಒಂದೂವರೆ ಕಿಲೋಮೀಟರ್ ಆಗಿತ್ತು. ಎರಡಕ್ಕೆ ಮೂರು ಎಂದು ಬರೆದರು. ಲೆಕ್ಕವೇನೋ ಸರಿಯಾಗಿಯೇ ಇತ್ತು.

ಪುಸ್ತಕ ಅಚ್ಚಾಗಿ ಬಂದು, ಈಗ ಬೆಟ್ಟದ ಆ ಹನ್ನೆರಡನೆಯ ದಾರಿಯಲ್ಲಿ ಅದನ್ನು ಓದಿದ ಇಪ್ಪತ್ತು ಜನ ಅವರ ಹಿಂದೆ ಬರುತ್ತಿದ್ದರು. ಎಲ್ಲರ ಕೈಯಲ್ಲೂ ಕೈಪಿಡಿ, ಒಂದೊಂದೇ ಬಾಟಲಿ ನೀರು. ಊಟದ ವ್ಯಾನು ದಾರಿಯ ಆ ತುದಿಯಲ್ಲಿ ನಿಂತಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸಹನ, ಸಕ್ಕರೆ ಕಾಯಿಲೆಯ ತಾಯಿ ಪುಟ್ಟಗೌರಮ್ಮನನ್ನೂ ಕರೆತಂದಿದ್ದಳು. ಪುಸ್ತಕದ ಮೂರು ಕಿಲೋಮೀಟರು ನಂಬಿ, ಊಟ ಇನ್ನೇನು ಸಿಕ್ಕಿತೆಂದು, ಊಟಕ್ಕೆ ಮುಂಚಿನ ಮಾತ್ರೆಯನ್ನು ಆಗಲೇ ನುಂಗಿಸಿಬಿಟ್ಟಿದ್ದಳು. ಅದಾಗಿ ಮುಕ್ಕಾಲು ಗಂಟೆ ಕಳೆದಿತ್ತು, ಹೊಟ್ಟೆಗೆ ಏನೂ ಬೀಳದಿದ್ದರೆ ಸಕ್ಕರೆ ಇಳಿದುಹೋಗುವ ಭಯ. ಮೇಷ್ಟ್ರು ಹೆಜ್ಜೆ ಎಣಿಸುತ್ತಲೇ ಬಂದಿದ್ದರು. ಮೂರು ಕಿಲೋಮೀಟರ್ ಯಾವಾಗಲೋ ಮುಗಿದಿತ್ತು, ಮುಂದೆ ಇನ್ನೂ ಬಂಡೆ, ಲಂಟಾನದ ಪೊದೆ. ಫೋನಿಗೆ ಸಿಗ್ನಲ್ಲಿಲ್ಲ.

ತಿರುವಿನಲ್ಲಿ ದ್ಯಾವಯ್ಯ ಮೇಕೆಗಳ ನಡುವೆ ಕೂತಿದ್ದ. ಮೇಷ್ಟ್ರು ಉಳಿದವರಿಗಿಂತ ಮುಂದೆ ಹೋಗಿ ತಗ್ಗಿದ ದನಿಯಲ್ಲಿ ಕೇಳಿದರು, ಇನ್ನೆಷ್ಟು ದೂರ ಅಂತ.

"ಈಗಿನ್ನೂ ಅರ್ಧ ಆಗ್ತಾ ಅದೆ ಅಷ್ಟೇ ಮೇಷ್ಟ್ರೇ. ಕೆಳಗಡೆ ಆಕ್ಕಂಡ ಎಲಡಿಕೆ ಇನ್ನೂ ನನ್ ಬಾಯಲ್ಲೇ ಅದೆ, ನೋಡಿ." ಅವನ ಒಂದು ಕೆನ್ನೆ ಉಬ್ಬಿತ್ತು.

"ಅಷ್ಟೊತ್ತು ಇಟ್ಕೋತೀಯೇನಯ್ಯ?"

"ಒಗೆಸೊಪ್ಪು ಸೇರ್ಸಿ ದವಡೆಗೆ ಒತ್ತರಿಸ್ಕಂಡ್ರೆ, ಅದ್ರ ಕಾರ ಓಗೋಗಂಟ ಯಾಕ್ ಉಗೀಬೇಕು?"

ಮೇಷ್ಟ್ರು ಬಂದ ದಾರಿಯನ್ನೂ ಮುಂದಿನ ದಾರಿಯನ್ನೂ ನೋಡಿದರು. ಹಿಂದಕ್ಕೆ ಹೋದರೂ ಅಷ್ಟೇ ದೂರ, ಮುಂದಕ್ಕೆ ಹೋದರೂ ಅಷ್ಟೇ. ಅತ್ತ ದರಿ, ಇತ್ತ ಪುಲಿ. ಇಲ್ಲೇ ಹತ್ತಿರ ಎಂದು ಸುಳ್ಳು ಹೇಳಿ ನಡೆಸಿಕೊಂಡು ಹೋಗಿಬಿಡಲೇ ಎಂಬ ಆಸೆಯೂ ಬಂತು. ಮಾನ ಉಳಿಯುತ್ತದೆ ಅನ್ನಿಸಿತು.

ಹಿಂತಿರುಗಿದರೆ ಪುಟ್ಟಗೌರಮ್ಮ ಬಂಡೆಯ ಮೇಲೆ ಕೂತುಬಿಟ್ಟಿದ್ದರು. ಹಣೆಯಲ್ಲಿ ಬೆವರು, ಬೆರಳುಗಳಲ್ಲಿ ನಡುಕ. ಆದರೂ ಮೇಷ್ಟ್ರನ್ನು ಕಂಡು ಸೆರಗು ಸರಿಮಾಡಿಕೊಂಡು ಏಳಹೋದರು. "ಇನ್ನೇನ್ ಬಂತಲ್ವಾ ಮೇಷ್ಟ್ರೇ? ನೀವ್ ಬರ್ದಿರೋದು ಅಂದ್ರೆ ಒಂದು ಮಾರೂ ಎಚ್ಚುಕಮ್ಮಿ ಆಗಕಿಲ್ಲ ಅಂತ ನನ್ ಮಗ್ಳು ಏಳ್ತಿರ್ತಾಳೆ. ನಡೀರಿ, ಬತ್ತೀನಿ."

ಮೇಷ್ಟ್ರು ಕೈ ಅಡ್ಡ ಹಿಡಿದು ಅವರನ್ನು ಮತ್ತೆ ಕೂರಿಸಿದರು.

"ಏಳಬೇಡಿ ಅವ್ವಾ" ಅಂದರು. "ಪುಸ್ತಕದಲ್ಲಿರೋದು ತಪ್ಪು. ಈ ದಾರೀಲಿ ನಾನು ಇವತ್ತೇ ಮೊದಲು ಬರ್ತಿರೋದು."

ಅಷ್ಟರಲ್ಲಿ ಹಿಂದೆಯೇ ಬಂದಿದ್ದ ದ್ಯಾವಯ್ಯ ಏನನ್ನೂ ಕೇಳದೆ ತನ್ನ ಬುತ್ತಿ ಬಿಚ್ಚಿ ಒಂದು ಉಂಡೆ ಬೆಲ್ಲವನ್ನೂ ರಾಗಿ ರೊಟ್ಟಿಯನ್ನೂ ಮುದುಕಿಯ ಕೈಗೆ ಕೊಟ್ಟ. ಸಹನ ತಾಯಿಗೆ ಬೆಲ್ಲ ಚೂರುಚೂರಾಗಿ ತಿನ್ನಿಸಿದಳು. ಸ್ವಲ್ಪ ಹೊತ್ತಿಗೆ ಬೆರಳುಗಳ ನಡುಕ ನಿಂತಿತು. ಮೇಷ್ಟ್ರು ಉಸಿರು ಬಿಟ್ಟರು.

ಆಗ ಸಹನ ಕೈಪಿಡಿಯ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತಾ ಹೋದಳು.

"ಉಳಿದ ಹನ್ನೊಂದು ದಾರಿ ನಡೆದಿದ್ದೀರಾ ಸರ್?"

"ನಡೆದಿದ್ದೀನಮ್ಮ. ಒಂದೊಂದನ್ನೂ ಎರಡೆರಡು ಸಲ ಅಳೆದಿದ್ದೀನಿ."

ಅದು ಸತ್ಯವಾಗಿತ್ತು. ಆಣೆ ಮಾಡಿ ಹೇಳಬಹುದಾದ ಸತ್ಯ. ಸಹನ ಸರಿ ಎಂಬಂತೆ ತಲೆಯಾಡಿಸಿ, ಪುಸ್ತಕವನ್ನು ಅವರ ಕೈಗೆ ವಾಪಸು ಕೊಟ್ಟು, ಮುಂದಿನ ದಾರಿ ಎಷ್ಟಿದೆಯೆಂದು ದ್ಯಾವಯ್ಯನನ್ನು ಕೇಳಲು ತಿರುಗಿದಳು.